ಸುಂಕದ ಕಟ್ಟೆಯ ನ್ಯಾಯ ಮತ್ತು ಶಾಮಶಾಸ್ತ್ರಿಗಳು

ಸುಂಕದವನ ಮುಂದೆ ಸುಖದುಃಖ ತೋಡಿಕೊಂಡು ಫಲವಿಲ್ಲವೆಂಬುದು ನಮ್ಮ ಜನರ ಹಳೆಯ ಅನುಭವ. ಆ ಸುಂಕದವನಿಗೂ ಕಟ್ಟಳೆಯೊಂದಿತ್ತೆಂಬುದನ್ನು ಲೋಕಕ್ಕೆ ತಿಳಿಯಪಡಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು.

ಕಾವೇರಿಯ ತೀರದ ಆ ಗ್ರಾಮದಲ್ಲಿ 1868ರಲ್ಲಿ ಜನಿಸಿದ ಅವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಸೇವೆಯಲ್ಲಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ತಾಳೆಯೋಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಹೆಸರಷ್ಟೇ ಉಳಿದು ಗ್ರಂಥ ಅಳಿದುಹೋಯಿತೆಂದು ವಿದ್ವಾಂಸರು ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. ಶಾಸ್ತ್ರಿಗಳು ಅದನ್ನು ಶೋಧಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು.

ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ನಗರದ ಮಹಾದ್ವಾರದ ಬಳಿ ಧ್ವಜವೇರಿಸಿದ ಸುಂಕದ ಕಟ್ಟೆ. ವರ್ತಕನು ಯಾರು, ಎಲ್ಲಿಯವನು, ಸರಕೆಷ್ಟು, ಮುದ್ರೆ ಎಲ್ಲಿ ಬಿದ್ದಿತು ಎಂದು ಬರೆದುಕೊಳ್ಳುವ ನಾಲ್ಕೈದು ಮಂದಿ. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ. ಕಳ್ಳಮುದ್ರೆಗೆ ಎಂಟು ಮಡಿ ದಂಡ. ಅಲ್ಪಬೆಲೆಯ ಸರಕನ್ನು ಬಚ್ಚಿಟ್ಟರೆ ಎಂಟು ಮಡಿ ಸುಂಕದ ದಂಡ. ಬೆಲೆಬಾಳುವುದನ್ನು ಬಚ್ಚಿಟ್ಟರೆ ಸರ್ವಸ್ವವೂ ಜಪ್ತಿ.

ಆದರೆ ವಿಧಿ ಅಲ್ಲಿಗೇ ನಿಲ್ಲದು. ವರ್ತಕನ ತಪ್ಪನ್ನು ಮುಚ್ಚಿಹಾಕಿದ ಅಧ್ಯಕ್ಷನಿಗೂ ಎಂಟು ಮಡಿ ದಂಡವುಂಟು. ಗಡಿಯಲ್ಲಿ ಸರಕನ್ನು ಪರೀಕ್ಷಿಸಿ, ಮುದ್ರೆಯೊತ್ತಿ, ದಾರಿಯ ತೆರಿಗೆ ಪಡೆಯುವ ಅಂತಪಾಲನು, ಕಳೆದದ್ದನ್ನೂ ಕಳುವಾದದ್ದನ್ನೂ ತಾನೇ ತುಂಬಿಕೊಡಬೇಕು. ಜಪ್ತಿ ಮಾಡಿದ ಆರು ತಿಂಗಳೊಳಗೆ, ಅವಧಿ ವಿಸ್ತರಿಸದ ಹೊರತು, ನೋಟೀಸು ಕೊಡದಿದ್ದರೆ ಸರಕನ್ನು ಹಿಂದಿರುಗಿಸಬೇಕೆನ್ನುವ 1962ರ ಕಸ್ಟಮ್ಸ್ ಕಾಯಿದೆಯೂ ಹಿಡಿಯುವವನನ್ನು ಹೀಗೆಯೇ ಕಟ್ಟಿಹಾಕಿದೆ.

ಶಾಸ್ತ್ರಿಗಳು 1944ರಲ್ಲಿ ತೀರಿಕೊಂಡರು. ಅಂದು ಆ ಓಲೆಯ ಕಟ್ಟನ್ನು ಬಿಚ್ಚಿ ನೋಡದೆ ಕಪಾಟಿಗೆ ಸೇರಿಸಿದ್ದರೆ ಈ ನ್ಯಾಯ ಇನ್ನೆಷ್ಟು ಕಾಲ ಮರೆಯಲ್ಲಿರುತ್ತಿತ್ತೋ!