ಮೂಕಜೀವಿಗಳ ಪರವಾಗಿ: ರುಕ್ಮಿಣೀದೇವಿ ಅರುಂಡೇಲ್

ರಾಯದುರ್ಗ, ಮಡಕಶಿರಾ ಸೀಮೆಗಳು ಮಳೆಯನ್ನೇ ನಂಬಿದ ನೆಲ. ಇಲ್ಲಿಯ ಶೇಂಗಾ ಬೇಸಾಯವು ತಲೆಮಾರುಗಳ ಕಾಲ ಎತ್ತಿನ ಹೆಗಲನ್ನು ಆಶ್ರಯಿಸಿತ್ತು. ಆ ಹೆಗಲ ಮೇಲೆ ಎಷ್ಟು ಭಾರ ಹೇರಬಹುದು, ಎಷ್ಟು ಹೊತ್ತು ದುಡಿಸಬಹುದು ಎಂಬುದಕ್ಕೂ ಈ ದೇಶದಲ್ಲಿ ಕಾನೂನು ಉಂಟೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ಅದರ ಹಿಂದಿನ ಪ್ರೇರಕಶಕ್ತಿ, ನಾವು ನೃತ್ಯಕಲಾವಿದೆಯೆಂದಷ್ಟೇ ಅರಿತಿರುವ ರುಕ್ಮಿಣೀದೇವಿ ಅರುಂಡೇಲ್.

ಅವರು 1904ರ ಫೆಬ್ರವರಿ 29ರಂದು ಮಧುರೆಯಲ್ಲಿ ಜನಿಸಿದರು. ತಂದೆ ನೀಲಕಂಠ ಶಾಸ್ತ್ರಿಗಳು ಎಂಜಿನಿಯರರು; ಥಿಯಾಸಫಿಕಲ್ ಸೊಸೈಟಿಯ ತತ್ತ್ವಗಳಿಗೆ ಒಲಿದವರು. ಕುಟುಂಬವು ಮದರಾಸಿನ ಅಡಯಾರಿನಲ್ಲಿ ನೆಲೆಸಿದ ಮೇಲೆ ಬಾಲಕಿಗೆ ಆನಿ ಬೆಸೆಂಟರ ಪ್ರಭಾವ ದೊರೆಯಿತು. 1920ರಲ್ಲಿ, 16ರ ಹರೆಯದಲ್ಲಿ, ಆಂಗ್ಲ ಶಿಕ್ಷಣತಜ್ಞ ಜಾರ್ಜ್ ಅರುಂಡೇಲರನ್ನು ವರಿಸಿದಾಗ ಸಂಪ್ರದಾಯಸ್ಥ ಸಮಾಜವು ಕೆರಳಿತು. ಆ ನಿಂದೆಗೆ ಅವರು ಅಳುಕಲಿಲ್ಲ.

ಆ ಕಾಲದಲ್ಲಿ ದೇವದಾಸಿಯರ ನೃತ್ಯವೆಂದು ಶಿಷ್ಟರು ದೂರವಿಟ್ಟಿದ್ದ ಸದಿರ್ ಕಲೆಯನ್ನು ಅವರು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಅಭ್ಯಸಿಸಿ, 1935ರಲ್ಲಿ ಅಡಯಾರಿನಲ್ಲಿ ರಂಗವೇರಿದರು. ಮರುವರ್ಷ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಪರಂಪರೆಯ ಕಲಾವಿದೆಯರಿಂದ ಕಲೆಯನ್ನು ದೂರ ಒಯ್ದರೆಂಬ ಆಕ್ಷೇಪವೂ ಅವರ ಮೇಲಿದೆ. ಅದನ್ನು ಮರೆಮಾಚುವುದು ತರವಲ್ಲ.

1952ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಕಲಾವಿದೆಯೊಬ್ಬರು ಅಲ್ಲಿ ಕಲೆಯ ಕುರಿತೇ ಮಾತನಾಡುವರೆಂದು ನಿರೀಕ್ಷಿಸಿದವರಿಗೆ ಅಚ್ಚರಿ ಕಾದಿತ್ತು. 1890ರ ಬ್ರಿಟಿಷ್ ಕಾಲದ ಕಾಯ್ದೆ ಸಾಲದೆಂದು ಬಗೆದು, 1953ರಲ್ಲಿ ಅವರು ಪ್ರಾಣಿಹಿಂಸಾ ನಿವಾರಣೆಗೆ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ರಾಯದುರ್ಗವು ಹೊಸ ಆಂಧ್ರ ರಾಜ್ಯಕ್ಕೆ ಸೇರಿದುದೂ ಅದೇ ವರ್ಷ. ಸರ್ಕಾರವೇ ಸಮಗ್ರ ಕಾನೂನು ತರುವುದೆಂದು ಪ್ರಧಾನಿ ನೆಹರು ಭರವಸೆಯಿತ್ತುದರಿಂದ ಅವರು ಮಸೂದೆಯನ್ನು ಹಿಂಪಡೆದರು. ಭರವಸೆ ಫಲಿಸಲು ಏಳು ವರ್ಷ ಬೇಕಾಯಿತು. 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಅಂಗೀಕಾರವಾಯಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ರಚನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷೆ.

ಈ ಕಾಯ್ದೆಯಡಿ 1965ರಲ್ಲಿ ಹೊರಟ ನಿಯಮಗಳು ನಮ್ಮ ಸೀಮೆಗೆ ನೇರವಾಗಿ ಅನ್ವಯಿಸುತ್ತವೆ. ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಉಷ್ಣತೆ 37 ಡಿಗ್ರಿ ಮೀರಿದೆಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡಕೂಡದು. ಮೊಳೆಗೋಲಿನಿಂದ ತಿವಿಯಕೂಡದು.

1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ರಾಷ್ಟ್ರಪತಿ ಸ್ಥಾನಕ್ಕೆ ಅವರ ಹೆಸರನ್ನು ಸೂಚಿಸಿದರು. ಅವರು ಒಲ್ಲೆನೆಂದರು. ಆ ಪದವಿಗೇರಿದವರು ನಮ್ಮ ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿಯವರು. ರುಕ್ಮಿಣೀದೇವಿಯವರು ಕಲಾಕ್ಷೇತ್ರದಲ್ಲಿಯೂ ಮಂಡಲಿಯ ಕಾರ್ಯದಲ್ಲಿಯೂ ನಿರತರಾಗಿದ್ದು, 1986ರ ಫೆಬ್ರವರಿ 24ರಂದು ನಿಧನರಾದರು.

ಅವರು ಬಿಟ್ಟುಹೋದ ಕಾರ್ಯ ಪೂರ್ಣಗೊಂಡಿಲ್ಲ. ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ, ಅತಿಭಾರ ಹೇರಿದವನಿಗೆ ಕಾಯ್ದೆಯ 11ನೆಯ ಕಲಮು ಮೊದಲ ಅಪರಾಧಕ್ಕೆ ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ಇಂತಹ ಅಪರಾಧಗಳಲ್ಲಿ ಪೊಲೀಸರು ನ್ಯಾಯಾಧೀಶರ ಅನುಮತಿಯಿಲ್ಲದೆ ತನಿಖೆಗೆ ತೊಡಗುವಂತಿಲ್ಲ. ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತೆಯೂ ಇಲ್ಲ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘವಿರಬೇಕೆಂದು 2001ರ ನಿಯಮಗಳು ವಿಧಿಸಿದರೂ, ಹೇಳಿಕೊಳ್ಳಲಾರದ ಜೀವಿಯ ಪರವಾಗಿ ದೂರು ಕೊಡಲು ಮನುಷ್ಯನೊಬ್ಬ ಮುಂದೆ ಬರಲೇಬೇಕು.

ಹಾಗೆಂದು ಸಾಲದಲ್ಲಿ ಬಳಲುವ ಬಡ ಗಾಡಿಗಾರನನ್ನು ಕೇವಲ ದಂಡದಿಂದ ತಿದ್ದಲಾಗದು. ನಿಯಮವು ಅವನಿಗೆ ಅವನ ಮಾತಿನಲ್ಲಿಯೇ ತಿಳಿಯಬೇಕು. ಗಡಿಯ ಈ ಊರುಗಳಲ್ಲಿ ಮನೆಯಲ್ಲಿ ಕನ್ನಡವಾಡುವವನಿಗೆ ಕಚೇರಿಯ ಕಾಗದ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ತನ್ನ ಭಾಷೆಗೆ ಸಲ್ಲಬೇಕಾದ ಕಿವಿ ದೊರೆಯದಿದ್ದರೆ ಆಗುವ ಸಂಕಟವನ್ನು ನಾವು ಬಲ್ಲೆವು. ಮಾತೇ ಇಲ್ಲದ ಜೀವಿಯ ಸಂಕಟವನ್ನು ಅದರಿಂದಲೇ ಊಹಿಸಬಹುದು. ಈ ನಿಯಮಗಳನ್ನು ತಿಳಿಗನ್ನಡದಲ್ಲಿ ಬರೆದು ಸಂತೆಯ ಬಾಗಿಲಲ್ಲಿ ಓದಿ ಹೇಳುವ ಕಾರ್ಯವನ್ನು ಕನ್ನಡ ವಿದ್ಯಾರ್ಥಿಗಳು ಕೈಗೊಂಡರೆ, ಅದೇ ಆ ಮಹನೀಯೆಗೆ ಸಲ್ಲುವ ತಕ್ಕ ಗೌರವ.