ಪೋರ್ಟ್ ನಂಬರ್‌ಗಳ ಲೆಕ್ಕ ಇಟ್ಟವರು: ಜಾನ್ ಪೋಸ್ಟೆಲ್

ಬ್ರೌಸರ್‌ನಲ್ಲಿ ಪ್ರಾಕ್ಸಿ ಸೆಟ್ ಮಾಡುವಾಗ ನಾವು ಎರಡು ಖಾನೆ ತುಂಬ್ತೀವಿ: ಒಂದು ಅಡ್ರೆಸ್, ಇನ್ನೊಂದು ಪೋರ್ಟ್. 8080 ಅಂತ ಹೊಡೆದು ಓಕೆ ಒತ್ತಿದರೆ ಮುಗೀತು. ಆದರೆ ಯಾವ ನಂಬರ್ ಯಾವ ಕೆಲಸಕ್ಕೆ ಅಂತ ಲೆಕ್ಕ ಇಟ್ಟವರು ಯಾರು? ಬಹಳ ವರ್ಷ ಆ ಕೆಲಸ ಮಾಡಿದ್ದು ಜಾನ್ ಪೋಸ್ಟೆಲ್.

1943ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಇವರು ಓದಿದ್ದು ಯುಸಿಎಲ್‌ಎಯಲ್ಲಿ. 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಅಲ್ಲೇ ಶುರುವಾದಾಗ ಪೋಸ್ಟೆಲ್ ಇನ್ನೂ ಸ್ಟೂಡೆಂಟ್. ನಂಬರ್‌ಗಳನ್ನು ಹಂಚಿ ಬರೆದಿಡೋಕೆ ಒಬ್ಬರು ಬೇಕಿತ್ತು. ಆ ಕೆಲಸ ಕೈಗೆತ್ತಿಕೊಂಡವರು ಕೊನೆವರೆಗೂ ಬಿಡಲಿಲ್ಲ. ಆರ್‌ಎಫ್‌ಸಿಗಳ ಎಡಿಟರ್ ಕೂಡ ಇವರೇ. ನಾವು ಎಕ್ಸಾಮ್‌ಗೆ ಓದುವ ಐಪಿ, ಟಿಸಿಪಿಗಳ 1981ರ ಆರ್‌ಎಫ್‌ಸಿಗಳನ್ನು ಎಡಿಟ್ ಮಾಡಿದರು. ಮರುವರ್ಷ ಇಮೇಲ್‌ನ ಎಸ್‌ಎಂಟಿಪಿ ಬರೆದರು. 1992ರಲ್ಲಿ ಜಾಯ್ಸ್ ರೆನಾಲ್ಡ್ಸ್ ಜೊತೆ ಹೊರತಂದ ಪಟ್ಟಿಯಲ್ಲಿ ವೆಬ್‌ಗೆ 80 ಅಂತ ಇದೆ.

1998ರ ಜನವರಿಯಲ್ಲಿ ಡಿಎನ್‌ಎಸ್ ರೂಟ್ ಸರ್ವರ್ ನಡೆಸುವ ಎಂಟು ಮಂದಿಗೆ ಪೋಸ್ಟೆಲ್ ಒಂದು ಇಮೇಲ್ ಹಾಕಿದರು: ಮಾಮೂಲಿ ಸರ್ವರ್ ಬಿಟ್ಟು ನನ್ನ ಸರ್ವರ್‌ನಿಂದ ಮಾಹಿತಿ ತಗೊಳ್ಳಿ ಅಂತ. ಎಂಟೂ ಮಂದಿ ಹಾಗೇ ಮಾಡಿದರು! ಅಮೆರಿಕ ಸರ್ಕಾರ ಗಾಬರಿಯಾಯ್ತು. ಇದು ಬರೀ ಟೆಸ್ಟ್ ಎಂದ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಅದೇ ವರ್ಷ ಈ ಜವಾಬ್ದಾರಿಗೆ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಅದು ಕೆಲಸ ಶುರು ಮಾಡುವಷ್ಟರಲ್ಲಿ, ಅಕ್ಟೋಬರ್ 16ರಂದು, ಹೃದಯದ ಆಪರೇಷನ್ ನಂತರದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. ವಯಸ್ಸು 55. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯೂ ಒಂದು ಆರ್‌ಎಫ್‌ಸಿಯೇ, ನಂಬರ್ 2468.

ಆ ಎಂಟು ಮಂದಿ ಒಪ್ಪಿದ್ದು ಯಾವ ಹುದ್ದೆಗೂ ಹೆದರಿ ಅಲ್ಲ, ಮೂವತ್ತು ವರ್ಷ ಸರಿಯಾಗಿ ಲೆಕ್ಕ ಇಟ್ಟ ಮನುಷ್ಯನ ಮೇಲಿನ ನಂಬಿಕೆಯಿಂದ ಅಂತ ನಮಗನ್ನಿಸುತ್ತೆ.