ಕಾಲುವೆ ನೀರಿಗೆ ಪಾಳಿ ಹಾಕಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ನಿಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಆದರೆ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಸೀಮೆಯ ರೈತರು ಅವರ ಇನ್ನೊಂದು ಕೆಲಸವನ್ನೂ ನೆನೆಯಬೇಕು. ಕಟ್ಟಿ ನಿಲ್ಲಿಸಿದ ನೀರನ್ನು ಮೇಲಿನವನಿಗೂ ಕೆಳಗಿನವನಿಗೂ ಮುಟ್ಟುವಂತೆ ಹಂಚುವುದು ಹೇಗೆಂದು ಅವರು ಮಾಡಿ ತೋರಿಸಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ನಿಮ್ಮ ತಾಲ್ಲೂಕಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಆ ದುಡ್ಡಿನಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅವರು ಮೊದಮೊದಲು ಕೆಲಸ ಮಾಡಿದ್ದು ಖಾನ್‌ದೇಶದ ಧುಳೆಯಲ್ಲಿ. ಅಲ್ಲಿ ಪಾಂಝರಾ ನದಿಯ ಬದಿಯ ಹಳ್ಳಿಗಳಲ್ಲಿ ಫಡ್ ಎಂಬ ಹಳೆಯ ಪದ್ಧತಿಯಿತ್ತು. ಒಡ್ಡಿನ ಕೆಳಗಿನ ಜಮೀನನ್ನೆಲ್ಲ ಮೂರು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಂದೊಂದು ಬೆಳೆಯನ್ನು ಎಲ್ಲರೂ ಕೂಡಿ ಬೆಳೆಯುತ್ತಿದ್ದರು. ಮರುವರ್ಷ ಬೆಳೆ ಬದಲಾಗುತ್ತಿತ್ತು. ನೀರು ಬಿಡುವವರನ್ನು ಊರವರೇ ನೇಮಿಸಿಕೊಳ್ಳುತ್ತಿದ್ದರು. ಮುಂದೆ ವಿಶ್ವೇಶ್ವರಯ್ಯನವರು ರೂಪಿಸಿದ ಪದ್ಧತಿಯಲ್ಲಿ ಇದರ ಹೋಲಿಕೆ ಕಾಣುತ್ತದೆ.

ನೀರಾ ಕಾಲುವೆಯ ತೊಂದರೆ

1899ರ ಹೊತ್ತಿಗೆ ಪುಣೆ ಭಾಗದ ನೀರಾವರಿ ಅವರ ಕೈಗೆ ಬಂತು. ಅಲ್ಲಿನ ನೀರಾ ಕಾಲುವೆಯ ಸ್ಥಿತಿ ನಿಮಗೆ ಹೊಸದಾಗಿ ಕಾಣಲಾರದು. ಕಾಲುವೆಯ ತಲೆಯಲ್ಲಿದ್ದವರು ಕಬ್ಬು ಹಚ್ಚಿ ಬೇಕಾದಷ್ಟು ನೀರು ಎಳೆದುಕೊಳ್ಳುತ್ತಿದ್ದರು. ನೀರಿನ ತೆರಿಗೆ ಎಕರೆ ಲೆಕ್ಕದಲ್ಲಿತ್ತು. ಆದ್ದರಿಂದ ಒಂದು ಎಕರೆಗೆ ಎರಡು ಪಟ್ಟು ನೀರು ಹಾಯಿಸಿದವನಿಗೂ ಒಂದು ಪೈ ಹೆಚ್ಚು ಬೀಳುತ್ತಿರಲಿಲ್ಲ. ಕೆಳಗಿನವನ ಜೋಳ ಒಣಗುತ್ತಿತ್ತು. ಮೇಲಿನವನ ಹೊಲ ನೀರು ಹೆಚ್ಚಾಗಿ ಸವಳು ಹಿಡಿಯುತ್ತಿತ್ತು.

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿರಿ. ಮೇಲಿನ ರೈತ ಕೆಟ್ಟವನೇನಲ್ಲ. ನಾನು ಬಿಟ್ಟ ನೀರು ಕೊನೆಯವನಿಗೆ ಮುಟ್ಟುತ್ತದೆಂಬ ನೆಚ್ಚಿಕೆ ಅವನಿಗಿಲ್ಲ. ಪಕ್ಕದವನು ಎಳೆದುಕೊಳ್ಳುವ ಮೊದಲು ನಾನೇ ಎಳೆದುಕೊಳ್ಳುವುದು ಮೇಲೆಂದು ಲೆಕ್ಕ ಹಾಕುತ್ತಾನೆ. ಒಬ್ಬೊಬ್ಬನ ಲೆಕ್ಕ ಸರಿ. ಎಲ್ಲರ ಲೆಕ್ಕ ಕೂಡಿದರೆ ಕಾಲುವೆಗೇ ನಷ್ಟ. ಇಂಥಲ್ಲಿ ಬುದ್ಧಿವಾದ ಸಾಲದು, ಕಟ್ಟಳೆ ಬೇಕು.

ವಿಶ್ವೇಶ್ವರಯ್ಯನವರು ತಂದ ಬ್ಲಾಕ್ ಪದ್ಧತಿ ಅಂಥ ಕಟ್ಟಳೆ. ತಲೆಯ ಕಡೆಯೇ ಗುಂಪುಗೂಡಿದ್ದ ನೀರಾವರಿಯನ್ನು ಅವರು ಕಾಲುವೆಯ ಉದ್ದಕ್ಕೂ ಹಲವು ಹಳ್ಳಿಗಳಲ್ಲಿ ಬ್ಲಾಕುಗಳಾಗಿ ಹರಡಿದರು. ಬ್ಲಾಕಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಕಬ್ಬು. ಉಳಿದುದರಲ್ಲಿ ಜೋಳದಂಥ ಕಡಿಮೆ ನೀರಿನ ಬೆಳೆಗಳು. ವರ್ಷದಿಂದ ವರ್ಷಕ್ಕೆ ಕಬ್ಬಿನ ಜಾಗ ಬದಲಾಗಬೇಕು. ನೀರು ಪಾಳಿಯ ಪ್ರಕಾರ ಬರಬೇಕು. ಇದಕ್ಕೆ ಪ್ರತಿಯಾಗಿ ರೈತನಿಗೆ ಸಿಕ್ಕಿದ್ದು ಹಲವು ವರ್ಷಗಳ ನೀರಿನ ಖಾತರಿ. ನಾಳೆ ನೀರು ಬರುತ್ತದೆಂದು ಗೊತ್ತಾದ ಮೇಲೆ ಇಂದೇ ಎರಡು ಪಟ್ಟು ಹಾಯಿಸಿಕೊಳ್ಳುವ ಆತುರ ಇರುವುದಿಲ್ಲ. ಪದ್ಧತಿಯ ಜೀವಾಳ ಇದೇ.

ಮೊದಲಿಗೆ ವಿರೋಧ ಬಂತು. ಕೈಯಲ್ಲಿದ್ದ ನೀರನ್ನು ಬಿಟ್ಟುಕೊಡಲು ಯಾರಿಗೆ ತಾನೇ ಮನಸ್ಸಾಗುತ್ತದೆ? 1901ರಿಂದ 1903ರವರೆಗೆ ದೇಶ ಸುತ್ತಿದ ನೀರಾವರಿ ಆಯೋಗ ಈ ಪದ್ಧತಿಯನ್ನು ಮೆಚ್ಚಿಕೊಂಡಿತು.

1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಕೆರೆಗೆ ಅವರು ತಾವೇ ಯೋಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಇಡಿಸಿದರು. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟ್ ಪಡೆದರೂ ಸರ್ಕಾರದಿಂದ ರಾಯಧನ ತೆಗೆದುಕೊಳ್ಳಲಿಲ್ಲ. ಆ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರಿಗೂ ಕನ್ನಂಬಾಡಿಗೂ ಹೋದವು.

ಎರಡು ಬಗೆಯ ಸೊತ್ತು

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಹಾಳಾಯಿತು. ರಾಯಚೂರು ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಸರ್ಕಾರ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಬೇಕೆಂದು ಅವರು ಸಲಹೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು.

ಪ್ರವಾಹ ತಡೆಯುವ ಕಟ್ಟೆಗೂ ಕಾಲುವೆಯ ನೀರಿಗೂ ಇರುವ ವ್ಯತ್ಯಾಸವನ್ನು ನೋಡಿರಿ. ಕಟ್ಟೆಯ ಕೆಳಗಿನ ಒಂದು ಮನೆ ಉಳಿದರೆ ಪಕ್ಕದ ಮನೆಯ ರಕ್ಷಣೆ ಕಡಿಮೆಯಾಗುವುದಿಲ್ಲ. ಖಡಕ್‌ವಾಸ್ಲಾದ ಬಾಗಿಲಿನ ತಿಳಿವಳಿಕೆಯೂ ಹಾಗೆಯೇ. ಎಷ್ಟು ಊರು ಬಳಸಿದರೂ ಸವೆಯದು. ಕಾಲುವೆಯ ನೀರು ಹಾಗಲ್ಲ. ನಿಮ್ಮ ಹೊಲಕ್ಕೆ ಹೋದ ನೀರು ಇನ್ನೊಬ್ಬರ ಹೊಲಕ್ಕೆ ಹೋಗದು. ಮೊದಲನೆಯದನ್ನು ಕಟ್ಟಿಸಲು ಸರ್ಕಾರ ಮುಂದೆ ಬಂದರೆ ಸಾಕು. ಎರಡನೆಯದಕ್ಕೆ ಕಟ್ಟಿಸಿದ ಮೇಲೂ ದಿನದಿನವೂ ಅಳತೆ, ಪಾಳಿ, ಕಾವಲು ಬೇಕು.

1909ರಲ್ಲಿ ಅವರು ಮೈಸೂರಿನ ಚೀಫ್ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ತೊಡಗಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1930ರ ದಶಕದಲ್ಲಿ ಮಂಡ್ಯದ ಇರ್ವಿನ್ ಕಾಲುವೆಯ ಕೆಳಗೂ ಬ್ಲಾಕ್ ಪದ್ಧತಿ ಬಂತು; ಕಬ್ಬು, ಭತ್ತ, ಅರೆ ಖುಷ್ಕಿ ಬೆಳೆ ಎಂದು ಮೂರು ಪಾಲು. ಆ ಕಾಲುವೆಗೆ ಈಗ ಅವರದೇ ಹೆಸರಿದೆ. 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ನಮ್ಮ ಕಾಲುವೆಯ ಮಾತು

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ ಭಾಗಗಳನ್ನು ದಾಟಿ ರಾಯಚೂರಿನ ಕಡೆಗೆ ಬರುತ್ತದೆ. ಇಲ್ಲಿಯೂ ಕಟ್ಟಳೆ ಇಲ್ಲದಿರಲಿಲ್ಲ. ಯಾವ ಜಮೀನಿಗೆ ಯಾವ ಬೆಳೆ ಎಂದು ಗುರುತಿಸಿ, ಹೆಚ್ಚು ಪಾಲನ್ನು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗೆ ಇಟ್ಟಿದ್ದರು. ಮೇಲ್ಭಾಗದಲ್ಲಿ ಭತ್ತ ಗೊತ್ತುಮಾಡಿದ ಗಡಿ ದಾಟಿ ಹರಡಿತು. ಮಾನ್ವಿ, ರಾಯಚೂರಿನ ಕೊನೆಯ ರೈತರು ನೀರಿಗಾಗಿ ರಸ್ತೆಗಿಳಿಯುವುದು ವಾಡಿಕೆಯಾಯಿತು. ಮೇಲೆ ಸವಳು, ಕೆಳಗೆ ಒಣ ಕಾಲುವೆ: ನೀರಾ ಕಾಲುವೆಯ ಕತೆಯೇ ಇಲ್ಲೂ ನಡೆಯಿತು.

ನೀರೂ ಮೊದಲಿನಷ್ಟಿಲ್ಲ. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ 2016ರ ಸಮೀಕ್ಷೆಯ ವೇಳೆಗೆ ಅದು 105ರ ಸುಮಾರಿಗೆ ಇಳಿದಿತ್ತು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಹೊಳೆಗೆ ಹರಿದುಹೋದ ನೀರು ಮೇಲಿನವನದೂ ಆಗಿತ್ತು, ಕೆಳಗಿನವನದೂ ಆಗಿತ್ತು.

ಹಾಗಾದರೆ ನೀವೇನು ಮಾಡಬಹುದು? ನಿಮ್ಮ ವಿತರಣಾ ಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘ ಕಾಗದದಲ್ಲಷ್ಟೇ ಉಳಿದಿದ್ದರೆ ಅದಕ್ಕೆ ಜೀವ ತುಂಬಿರಿ. ಮುಂಗಾರಿಗೆ ಮೊದಲೇ ಸಭೆ ಸೇರಿ ಯಾರು ಎಷ್ಟು ಎಕರೆ ಭತ್ತ ಹಚ್ಚುವುದೆಂದು ಬರೆದಿಡಿರಿ. ತೂಬಿನ ಬಳಿ ನೀರಿನ ಎತ್ತರ ಅಳೆದು, ಪಾಳಿಯ ದಿನ ಮತ್ತು ವೇಳೆಯನ್ನು ಎಲ್ಲರಿಗೂ ಕಾಣುವಂತೆ ಹಚ್ಚಿರಿ. ಪಾಳಿಯನ್ನು ಕೊನೆಯ ಹೊಲದಿಂದ ತೊಡಗಿಸಿ ನೋಡಿರಿ. ಮೇಲಿನವರ ಪಾಲಿನ ನೀರು ಹೇಗೂ ಅವರ ಮುಂದೆಯೇ ಹರಿದುಬರಬೇಕು. ತಪ್ಪಿದವರಿಗೆ ದಂಡ ಎಷ್ಟೆಂಬುದನ್ನೂ ಅದೇ ಸಭೆಯಲ್ಲಿ ಗೊತ್ತುಮಾಡಿ, ಊರ ಮುಖಂಡನಿಗೂ ಅದನ್ನೇ ಹಾಕಿರಿ.